ಎಡಗಡೆಯ ಹೊಳಪು

ನಮ್ಮೂರಿನ ಅರ್ಧ ನಗು ನನ್ನ ಕೈಯಲ್ಲಿ ತಯಾರಾದದ್ದು. ಇನ್ನರ್ಧ ಜನಕ್ಕೆ ಸ್ವಂತ ಹಲ್ಲಿದೆ. ಅವರ ಸರದಿಯೂ ಬರುತ್ತದೆ, ನನಗೇನೂ ಅವಸರವಿಲ್ಲ. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಸೆಟ್ಟು ಮಾಡಿಕೊಡುತ್ತೇನೆ. ಹಲ್ಲು ಜೋಡಿಸುವುದು ಯಾರಿಗಾದರೂ ಬಂದೀತು. ಹೊಳಪು ಕೊಡುವುದಿದೆಯಲ್ಲ, ಅದು ಈ ಭೂಮಿಯ ಮೇಲೆ ನನಗೊಬ್ಬನಿಗೇ ಒಲಿದ ವಿದ್ಯೆ. ನನ್ನ ಕೈಯ ಹಲ್ಲು ಹಾಕಿಕೊಂಡವರು ಬಿಸಿಲಲ್ಲಿ ನಿಂತು ನಕ್ಕರೆ ಎದುರಿಗೆ ಬರುವ ಬಸ್ಸಿನ ಡ್ರೈವರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾನೆ. ನನ್ನ ಹೆಂಡತಿ ಮಾತ್ರ ಇದನ್ನು ಒಪ್ಪುವುದಿಲ್ಲ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. "ಅಂಥ ಒಂದು ದೂರೂ ನಮ್ಮಲ್ಲಿಗೆ ಬಂದಿಲ್ಲ ರೀ" ಅನ್ನುತ್ತಾಳೆ. ಅನ್ನಲಿ. ಹೊಟ್ಟೆಕಿಚ್ಚಿಗೆ ನಾನಿನ್ನೂ ಪಾಲಿಶ್ ಕಂಡುಹಿಡಿದಿಲ್ಲ.

ಆದರೆ ಇದು ಹಲ್ಲಿನ ಕಥೆಯಲ್ಲ, ಸೈಕಲ್ಲಿನ ಕಥೆ. ಹಲ್ಲೂ ಬರುತ್ತದೆ, ತನ್ನ ಹೊತ್ತಿಗೆ.

ಸೈಕಲ್ಲು ನನ್ನ ಮಾವನವರದು. ಅವರು ಗಡಿಯಾರ ರಿಪೇರಿ ಮಾಡುತ್ತಿದ್ದವರು, ಜಂಭದಲ್ಲಿ ನನ್ನನ್ನು ಮೀರಿಸಿದ ಜಗತ್ತಿನ ಏಕೈಕ ಪ್ರಾಣಿ. "ನಾನು ಸರಿ ಮಾಡಿದ ಗಡಿಯಾರ ನೋಡಿಕೊಂಡೇ ಸೂರ್ಯ ಏಳ್ತಾನೆ" ಅಂತ ಹೇಳಿಕೊಂಡು ತಿರುಗಿದವರು. ನಾನು ಅವರ ಮನೆಯಲ್ಲೇ ಇರುವ ಅಳಿಯ. ಒಂದೇ ಸೂರಿನಡಿ ಇಬ್ಬರು ಮಹಾಪುರುಷರು ಹೇಗೆ ಬಾಳಿದೆವು ಎಂದು ಕೇಳಿದರೆ, ಉತ್ತರ ನನ್ನ ಅತ್ತೆ. ಇಬ್ಬರ ಮಾತನ್ನೂ ಅರ್ಧ ಕೇಳಿಸಿಕೊಂಡು, "ಹೌದಾ? ಸರಿ, ಕೈ ತೊಳ್ಕೊಂಡು ಬನ್ನಿ" ಅನ್ನುವ ಹೆಂಗಸು.

ಹರೆಯದಲ್ಲಿ ಕೊಂಡ ಸೈಕಲ್ಲು ಅದು. ಕಪ್ಪು ಮೈ, ಮಡ್‌ಗಾರ್ಡಿನ ಅಂಚಿಗೆ ಕೂದಲೆಳೆಯ ಬಂಗಾರದ ಗೆರೆ, ಅಂಗೈಯಗಲದ ಬೆಲ್ಲು, ಮುಂದಿನ ದೀಪಕ್ಕೆ ಡೈನಮೊ. ಅದರ ಬೆಲ್ಲು ಹೊಡೆದರೆ ಮೂರು ಬೀದಿಯಾಚೆ ಮಲಗಿದ ಮಗು ಎದ್ದು ಕೂರುತ್ತದೆ. ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ, ಮೈತುಂಬ ಹೊದ್ದುಕೊಂಡು ನಿಂತಿರುತ್ತಿತ್ತು. ಅದಕ್ಕೆ ಹೊಸ ಬೆಡ್‌ಶೀಟು, ನನಗೆ ಹಳೆಯದು. ಮನೆಯಲ್ಲಿ ಯಾರ ಸ್ಥಾನ ಎಲ್ಲಿ ಎಂದು ತಿಳಿಯಲು ಇಷ್ಟು ಸಾಕು.

ಮದುವೆಯಾದ ಹೊಸದರಲ್ಲಿ ಅತ್ತೆ ಒಮ್ಮೆ ಕೇಳಿದ್ದರಂತೆ, "ನಾನೂ ಕಲೀಲಾ?"

"ಬೇಡ. ಬಿದ್ದರೆ ಪೆಟ್ಟಾಗುತ್ತೆ."

"ಸ್ವಲ್ಪ ಪೆಟ್ಟಾದ್ರೆ ಏನಂತೆ, ನಾನು ತಡ್ಕೋತೀನಿ."

"ನಿನಗಲ್ಲ. ಸೈಕಲ್ಲಿಗೆ."

ಅತ್ತೆ ಅದನ್ನು ಮರೆಯಲಿಲ್ಲ. ಹೆಂಗಸರು ಮರೆತಂತೆ ನಟಿಸುವ ಮಾತುಗಳ ಪೈಕಿ ಅದೂ ಒಂದಾಗಿ ಒಳಗೆ ಕೂತಿತ್ತು.

ಆಮೇಲೆ ಎಷ್ಟೋ ವರ್ಷ ಕಳೆದು ಮಾವನ ಎರಡು ಕಣ್ಣಿಗೂ ಪೊರೆ ಬಂತು. ಮೊದಲು ಗಡಿಯಾರದ ಮುಳ್ಳು ಮಸುಕಾಯಿತು, ಆಮೇಲೆ ಗಡಿಯಾರವೇ ಮಸುಕಾಯಿತು. ಆಪರೇಷನ್ ಅಂದರೆ, "ನನ್ನ ಕಣ್ಣಿಗೇನಾಗಿದೆ? ಈಗಿನ ಕಾಲದ ಬೆಳಕೇ ಸರಿಯಿಲ್ಲ" ಅನ್ನುತ್ತಿದ್ದರು. ಸೈಕಲ್ಲು ಹೊಡೆಯುವುದು ನಿಂತಿತು. ಭಾನುವಾರ ಬೆಳಿಗ್ಗೆ ಮಾತ್ರ ಬೆಡ್‌ಶೀಟು ಸರಿಸಿ, ಬೆಲ್ಲನ್ನು ತಡವಿ ಒಮ್ಮೆ ಹೊಡೆದು, ಮಗಳನ್ನು ಕೇಳುವರು:

"ಹೇಗಿದೆಯಮ್ಮ ನನ್ನ ಸೈಕಲ್ಲು?"

"ಫಳಫಳ ಅಂತಿದೆ ಅಪ್ಪ" ಎಂದು ನನ್ನ ಹೆಂಡತಿ ಅವರ ಕಡೆ ತಿರುಗದೆಯೇ ಹೇಳುವಳು.

ತಿರುಗಿ ನೋಡುವ ಧೈರ್ಯ ಅವಳಿಗೆಲ್ಲಿ? ಯಾಕೆಂದರೆ ಅಷ್ಟು ಹೊತ್ತಿಗಾಗಲೇ ನಮ್ಮ ಮನೆಯಲ್ಲಿ ಮಹಾ ಪಿತೂರಿ ಶುರುವಾಗಿತ್ತು. ಮಧ್ಯಾಹ್ನ ಮಾವ ಊಟ ಮಾಡಿ ಗೊರಕೆ ಹೊಡೆಯತೊಡಗಿದರೆ ಅತ್ತೆ ಮಗಳ ಹಳೆಯ ಪ್ಯಾಂಟು ಏರಿಸಿ, ಸೈಕಲ್ಲನ್ನು ಹಿಂಬಾಗಿಲಿಂದ ಹೊರಗೆ ದಾಟಿಸುವರು. ಅವರ ಎತ್ತರಕ್ಕೆ ಸೀಟನ್ನು ಪೂರ್ತಿ ಕೆಳಗಿಳಿಸಿಕೊಟ್ಟವನು ನಾನೇ. ಕಲಿಸಿದವನೂ ನಾನೇ ಎಂದು ಹೇಳಿಕೊಳ್ಳುತ್ತೇನೆ. ಅತ್ತೆಯನ್ನು ಕೇಳಿದರೆ, "ಅವರು ಬಾಗಿಲಲ್ಲಿ ನಿಂತು ಚಹಾ ಕುಡೀತಿದ್ದರು" ಎನ್ನುವರು. ಚಹಾ ಕುಡಿಯುತ್ತಲೇ ಕಲಿಸುವುದು ನನ್ನ ಪದ್ಧತಿ.

ನಮ್ಮ ಹಿಂದಿನ ಓಣಿಯಲ್ಲಿ ಹೋಗುವಾಗ ಬಲಗಡೆ ಗೋದಾಮಿನ ಉದ್ದನೆಯ ಗೋಡೆ, ಎಡಗಡೆ ಹುಲ್ಲು, ಜಲ್ಲಿಕಲ್ಲು. ಅತ್ತೆಗೆ ಗೋಡೆಯೆಂದರೆ ಭಯ. ಸೈಕಲ್ಲು ಸ್ವಲ್ಪ ಓಲಾಡಿದರೂ ಸಾಕು, ಗೋಡೆಯ ಸಹವಾಸವೇ ಬೇಡವೆಂದು ಎಡಕ್ಕೆ ವಾಲಿ ಧೊಪ್ಪನೆ ಬೀಳುವರು. ಸೈಕಲ್ಲನ್ನು ತಿರುಗಿಸಲು ಅವರಿಗೆ ಬರುತ್ತಿರಲಿಲ್ಲ. ಓಣಿಯ ಆ ತುದಿಗೆ ಹೋಗಿ, ಇಳಿದು, ತಳ್ಳಿಕೊಂಡು ಬಂದು, ಮತ್ತೆ ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು ಹತ್ತುವುದು. ಹಾಗಾಗಿ ಬಿದ್ದದ್ದೆಲ್ಲ ಎಡಕ್ಕೇ. ಒಂದು ಸಲವಾದರೂ ಬಲಕ್ಕೆ ಬಿದ್ದಿದ್ದರೆ ನಾನು ಈ ಕಥೆ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

"ತಿರುಗಿಸೋದು ಒಂದು ಬಂದ್ಬಿಟ್ರೆ ಸಾಕು ಅಳಿಯಂದ್ರೇ" ಎನ್ನುವರು ಮೊಣಕೈ ಉಜ್ಜಿಕೊಳ್ಳುತ್ತಾ. "ಕೆರೆ ಏರಿ ತನಕ ಒಬ್ಬಳೇ ಹೋಗಿ ಬಂದ್ಬಿಡ್ತೀನಿ. ಇನ್ನೇನೂ ಬೇಡ ನನಗೆ." ಕೆರೆ ಏರಿಯ ಹೆಸರೆತ್ತಿದಾಗ ಅವರ ಮುಖ ನೋಡಬೇಕಿತ್ತು. ನಾನು ಅಷ್ಟೊಂದು ಪಾಲಿಶ್ ಮಾಡಿದ್ದೇನೆ, ಆ ಹೊಳಪು ಯಾವ ಹಲ್ಲಿಗೂ ಬಂದಿಲ್ಲ.

ಹೀಗಿರುವಾಗ ಮಾವನ ದೊಡ್ಡ ಮಗಳು, ನನ್ನ ಹೆಂಡತಿಯ ಅಕ್ಕ, ಬಂದು ಅಪ್ಪನನ್ನು ಅಕ್ಷರಶಃ ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದಳು. ಅತ್ತೆ ಹೊರಟು ನಿಂತರೆ ಮಾವ ಬೇಡವೆಂದರು. "ನೀನು ಬಂದರೆ ಅಳ್ತೀಯ. ನೀನತ್ತರೆ ನನ್ನ ಕಣ್ಣಲ್ಲಿ ನೀರು ಬರುತ್ತೆ. ಡಾಕ್ಟರು ನನ್ನನ್ನ ಬೈತಾರೆ." ಮೊದಲು ಒಂದು ಕಣ್ಣು, ಅದು ಸರಿಹೋದ ಮೇಲೆ ಇನ್ನೊಂದು ಎಂದು ತೀರ್ಮಾನವಾಯಿತು. ಆಪರೇಷನ್ ಮುಗಿದು ಅವರು ದೊಡ್ಡ ಮಗಳ ಮನೆಯಲ್ಲೇ ಉಳಿದರು. ತಿಂಗಳೊಪ್ಪತ್ತು ಅಲ್ಲೇ ಇರುತ್ತಾರೆಂದು ನಾವು ನಿಶ್ಚಿಂತೆಯಿಂದಿದ್ದೆವು. ಅತ್ತೆಯಂತೂ ಹಾಡುಹಗಲೇ ಬಿದ್ದೇ ಬಿದ್ದರು.

ಒಂದು ಬೆಳಿಗ್ಗೆ ಫೋನು ಬಂತು. ಮಾವನ ದನಿ ಎಷ್ಟು ಜೋರಾಗಿತ್ತೆಂದರೆ ಫೋನು ಬೇಕೇ ಇರಲಿಲ್ಲ, ಕಿಟಕಿ ತೆರೆದಿದ್ದರೆ ಸಾಕಿತ್ತು.

"ಸೆಕೆಂಡ್ ಮುಳ್ಳು ಕಾಣ್ತಿದೆ ಕಣಮ್ಮಾ! ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು! ನಿನ್ನೆ ಆಸ್ಪತ್ರೆಗೆ ತೋರಿಸೋಕೆ ಹೋದಾಗ, ಆ ನರ್ಸಮ್ಮನ ಗಡಿಯಾರ ಹಿಂದಿದೆ ಅಂತ ಮಲಗಿದ ಕಡೆಯಿಂದಲೇ ಹೇಳಿದೆ. ನಾಳೆ ಊಟದ ಹೊತ್ತಿಗೆ ಬಂದ್ಬಿಡ್ತೀನಿ. ಬಂದ ಕೂಡಲೇ ಮೊದಲು ಸೈಕಲ್ಲು ನೋಡ್ಬೇಕು. ನಿಮ್ಮ ಮುಖಗಳನ್ನ ಆಮೇಲೆ ನೋಡ್ತೀನಿ, ಅವೆಲ್ಲಿಗೆ ಹೋಗ್ತವೆ?"

ನನ್ನ ಹೆಂಡತಿ ಫೋನಿಟ್ಟು ಬೆಡ್‌ಶೀಟು ಎಳೆದಳು. ಮೂವರೂ ನೋಡಿದೆವು. ಬಲಗಡೆಯಿಂದ ನೋಡಿದರೆ ಸೈಕಲ್ಲು ಸಭ್ಯ ಮುದುಕ. ಎಡಗಡೆಯಿಂದ ನೋಡಿದರೆ ಕರಡಿಯ ಜೊತೆ ಕುಸ್ತಿಗೆ ಬಿದ್ದು ಬಂದವನು. ಪೆಡಲಿನ ತುದಿಯ ಮುಚ್ಚಳ ತರಚಿಹೋಗಿತ್ತು. ಬ್ರೇಕಿನ ಲಿವರು, ಹ್ಯಾಂಡಲ್ಲಿನ ತುದಿ, ಪೆಡಲಿನ ಕೋಲು, ಹಿಂಚಕ್ರದ ನಟ್ಟು, ಎಲ್ಲದರ ಮೇಲೂ ಗೀರೋ ಗೀರು. ಮಡ್‌ಗಾರ್ಡಿನ ಅಂಚಿನಲ್ಲಿ ಕಪ್ಪು ಬಣ್ಣ ಎದ್ದು ಬಂಗಾರದ ಗೆರೆ ನಡುವೆ ಕಾಣೆಯಾಗಿತ್ತು.

"ಮುಗೀತು" ಅಂದರು ಅತ್ತೆ. ಗೋಡೆಗೆ ಒರಗಿ ಕೂತುಬಿಟ್ಟರು. "ನೋಡಿದ ತಕ್ಷಣ ಬೀಗ ಹಾಕಿಬಿಡ್ತಾರೆ. ಕೀಲಿ ಸೊಂಟಕ್ಕೆ ಕಟ್ಕೋತಾರೆ. ಇನ್ನೇನು ಕೆರೆ ಏರಿ, ಇನ್ನೇನು ಮಣ್ಣು."

"ಅದಕ್ಕಿಂತ ಅಪ್ಪನ ಕಥೆ ಏನಮ್ಮ?" ಅಂದಳು ನನ್ನ ಹೆಂಡತಿ. "ಕಣ್ಣು ಬಂದ ಖುಷಿಗೆ ಮೊದಲು ಇದನ್ನ ನೋಡ್ಬೇಕು ಅಂತ ಬರ್ತಿದ್ದಾರೆ. ಫಳಫಳ ಅಂತಿದೆ ಅಂತ ವಾರ ವಾರ ಹೇಳಿದವಳು ನಾನು!"

ಆಗ ನಾನು ಎದ್ದು ನಿಂತೆ. ನಿಂತ ರಭಸಕ್ಕೆ ಕ್ಯಾಲೆಂಡರು ಅಲ್ಲಾಡಿತು.

"ಅತ್ತೇ, ಯಾರ ಮನೆಯಲ್ಲಿದ್ದೀರಿ ಅಂತ ಮರೆತುಬಿಟ್ರಾ?"

"ನಮ್ಮ ಮನೇಲೇ ಇದ್ದೀವಿ. ನೀವೂ ಇಲ್ಲೇ ಇದ್ದೀರಿ" ಅಂದಳು ನನ್ನ ಹೆಂಡತಿ.

"ಹೊಳಪಿನ ಚಕ್ರವರ್ತಿಯ ಮನೆಯಲ್ಲಿದ್ದೀರಿ! ಕಲ್ಲುಪ್ಪು ಕಡಿದು ಸವೆದ ಹಲ್ಲಿಗೆ ಹೊಳಪು ತಂದವನಿಗೆ ಒಂದು ಪೆಡಲ್ ಹೆಚ್ಚಾ? ಪಾನಾ ಕೊಡಿ!"

ಸೈಕಲ್ಲನ್ನು ಹಿಂದಿನ ಕೋಣೆಗೆ ಹೊತ್ತುಕೊಂಡು ಹೋದೆ. ಎಡಗಡೆಯ ಬ್ರೇಕಿನ ಲಿವರು ಬಿಚ್ಚಿದೆ, ನಟ್ಟು ಬಿಚ್ಚಿದೆ, ಹ್ಯಾಂಡಲ್ಲಿನ ಹಿಡಿ ಎಳೆದೆ. ಎಲ್ಲ ಬೆಣ್ಣೆಯಂತೆ ಬಂತು. ಆಮೇಲೆ ಪೆಡಲಿಗೆ ಪಾನಾ ಹಾಕಿದೆ. ಕದಲಲಿಲ್ಲ. ಮೈಯ ಭಾರವೆಲ್ಲ ಹಾಕಿ ತಿರುಗಿಸಿದೆ. ಮನೆ ಕದಲಿತು, ಪೆಡಲು ಕದಲಲಿಲ್ಲ.

ಸದ್ದು ಕೇಳಿ ಎದುರುಮನೆಯ ಟೈಲರು ಕತ್ತಿಗೆ ಟೇಪು ಹಾಕಿಕೊಂಡೇ ಓಡಿ ಬಂದ. ಅವನಿಗೆ ತನ್ನ ತೋಳಿನ ಬಗ್ಗೆ ತುಂಬ ಅಭಿಮಾನ.

"ಸರೀರಿ ಅತ್ಲಾಗೆ. ಇದಕ್ಕೆ ಹಲ್ಲು ಕೆತ್ತೋರ ಕೈ ಸಾಲಲ್ಲ."

"ನಿಮ್ಮ ಕೈಯಲ್ಲಿ ಗುಂಡಿ ಹೊಲಿಯೋದು ತಾನೇ?"

"ದಪ್ಪ ಗುಂಡಿ!" ಎಂದು ಅವನು ಪಾನಾ ಹಿಡಿದ. ಇಬ್ಬರೂ ಸೇರಿ ಎಳೆದೆವು. ನನ್ನ ಹೆಂಡತಿ ಸೈಕಲ್ಲನ್ನು ಹಿಡಿದುಕೊಂಡು, "ಇನ್ನೊಂದಿಷ್ಟು, ಇನ್ನೊಂದಿಷ್ಟು" ಎಂದು ಹುರುಪು ತುಂಬಿದಳು. ನನ್ನ ಕುತ್ತಿಗೆಯ ನರ ಹಗ್ಗದಷ್ಟು ದಪ್ಪವಾಯಿತು. ಟೈಲರನ ಅಂಗಿ ಬೆನ್ನಿನುದ್ದಕ್ಕೂ ಹರಿಯಿತು. ಸ್ವಂತ ಹೊಲಿಗೆಯಾದ್ದರಿಂದ ಅವನು ಯಾರನ್ನೂ ಬೈಯುವಂತಿರಲಿಲ್ಲ.

ಅತ್ತೆ ಆತನಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಆಗಿಂದ ಒಂದೇ ಕಡೆ ತಿರುಗಿಸ್ತಿದ್ದೀರಲ್ಲ, ಇನ್ನೊಂದು ಕಡೆ ತಿರುಗಿಸಿ ನೋಡಿದ್ರಾ?"

ಟೈಲರೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕೆವು. "ಅತ್ತೇ, ಪ್ರಪಂಚದಲ್ಲಿ ಎಲ್ಲ ನಟ್ಟೂ ಬಿಚ್ಚೋದು ಒಂದೇ ಕಡೆಗೆ."

"ಹೌದಾ? ಸರಿ, ಕೈ ತೊಳ್ಕೊಂಡು ಬನ್ನಿ" ಎನ್ನುತ್ತಾ ಅವರು ಬಂದು, ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುವ ಹಾಗೆ ಪಾನಾ ಹಿಡಿದು ಉಲ್ಟಾ ಕಡೆಗೆ ಒತ್ತಿದರು. ಕಟಕ್ ಅಂತು. ಪೆಡಲು ಬಿಚ್ಚಿ ಅವರ ಕೈಗೇ ಬಂತು. ಎಡಗಡೆಯ ಪೆಡಲಿಗೆ ತಿರುಪಿನ ಸುತ್ತನ್ನು ಉಲ್ಟಾ ಕೊರೆದಿರುತ್ತಾರಂತೆ, ತುಳಿಯುವಾಗ ತಾನಾಗಿ ಬಿಚ್ಚಿ ಬೀಳದಿರಲೆಂದು. ಅಷ್ಟು ಹೊತ್ತೂ ನಾವು ಅದನ್ನು ಬಿಗಿ ಮಾಡುತ್ತಿದ್ದೆವು.

"ನಾನು ಸಡಿಲ ಮಾಡಿಟ್ಟಿದ್ದೆ, ಅದಕ್ಕೇ ಬಂತು" ಎಂದೆ. ಹೆಂಡತಿ ಟೈಲರನ ಕಡೆ ನೋಡಿ ನಕ್ಕಳು. ಮಹತ್ಕಾರ್ಯದ ನಡುವೆ ಇಂಥ ಸಣ್ಣತನಗಳನ್ನು ಕಡೆಗಣಿಸಬೇಕು.

ಪೆಡಲಿನ ಕೋಲನ್ನೂ ಬಿಚ್ಚಿಕೊಂಡೆ. ಇನ್ನು ನನ್ನ ರಾಜ್ಯ. ನೀರಿನಲ್ಲಿ ನೆನೆಸಿದ ನಯವಾದ ಉಪ್ಪುಕಾಗದದಿಂದ ಗೀರಿಗೆ ಅಡ್ಡಡ್ಡ ಉಜ್ಜಿದೆ. ಗೀರು ಸವೆದು ಆ ಜಾಗ ಮಂಜು ಕವಿದಂತೆ ಮಂಕಾಯಿತು. ಅತ್ತೆ, "ಅಯ್ಯೋ, ಇದ್ದದ್ದೂ ಹೋಯ್ತಲ್ಲ!" ಎಂದು ಬಾಯಿಗೆ ಕೈ ಹಿಡಿದರು. ಅದೇ ಈ ಕೆಲಸದ ಸೊಗಸು: ಮೊದಲು ಕೆಡುತ್ತದೆ, ಆಮೇಲೆ ಬೆಳಗುತ್ತದೆ. ಮೋಟಾರು ಹಾಕಿ, ತಿರುಗುವ ಚಕ್ರಕ್ಕೆ ಒದ್ದೆ ಕಲ್ಲುಪುಡಿ ಮೆತ್ತಿ ಪೆಡಲಿನ ಮುಚ್ಚಳವನ್ನು ಒತ್ತಿ ಹಿಡಿದೆ. ಕೆಸರು ಗೋಡೆಗೆಲ್ಲ ಸಿಡಿಯಿತು, ಟೈಲರನ ಮೀಸೆ ಬೆಳ್ಳಗಾಯಿತು. ಆಮೇಲೆ ಬಟ್ಟೆಯ ಚಕ್ರ, ಅದಕ್ಕೆ ಹಲ್ಲಿಗೆ ಹಾಕುವ ಬಿಳಿ ಪೇಸ್ಟು. ಮಂಕು ಕರಗಿ, ಒಳಗಿಂದ ಯಾರೋ ದೀಪ ಹಚ್ಚಿದಂತೆ ಲೋಹ ಎದ್ದು ಬಂತು. ಅತ್ತೆ ಬಗ್ಗಿ ನೋಡಿ, "ನನ್ನ ಮುಖ ಕಾಣ್ತಿದೆ!" ಎಂದು ಕೂಗಿದರು. ಟೈಲರು ಅದರಲ್ಲೇ ನೋಡಿಕೊಂಡು ಮೀಸೆ ಒರೆಸಿದ.

ಅಲ್ಲಿಂದಾಚೆಗೆ ನನಗೆ ಹುಚ್ಚು ಹಿಡಿಯಿತು. ಲಿವರು, ಪೆಡಲಿನ ಕೋಲು, ನಟ್ಟು, ಒಂದಾದ ಮೇಲೊಂದು ಚಕ್ರಕ್ಕೆ ಕೊಟ್ಟೆ. ಇನ್ನಷ್ಟು, ಇನ್ನಷ್ಟು! ಮೋಟಾರಿನ ಗುಂಯ್‌ಗುಟ್ಟುವಿಕೆಗೆ ತಾಳ ಹಾಕುತ್ತಾ ಅತ್ತೆ ಒಂದೊಂದನ್ನೇ ಒರೆಸಿ ಟವೆಲಿನ ಮೇಲೆ ಜೋಡಿಸಿದರು.

"ಸಾಕು ರೀ" ಎಂದಳು ನನ್ನ ಹೆಂಡತಿ. "ಮೇಲಿನ ಲೇಪನ ಹಾರಿಹೋಗುತ್ತೆ."

"ಆ ಕಾಲದ ಲೇಪನ, ರೊಟ್ಟಿಯಷ್ಟು ದಪ್ಪ ಇರುತ್ತೆ!"

ಅಷ್ಟರಲ್ಲೇ ಲಿವರಿನ ತುದಿಯಲ್ಲಿ ಜೋಳದ ಕಾಳಿನಷ್ಟು ಹಳದಿ ಇಣುಕಿತು. ಲೇಪನ ಸವೆದು ಅಡಿಯ ಲೋಹ ಕಾಣತೊಡಗಿತ್ತು. ಚಕ್ರದಿಂದ ಕೈಯನ್ನು ಎಷ್ಟು ಬೇಗ ಎಳೆದುಕೊಂಡೆನೆಂದರೆ ಮಿಂಚೇ ಹಿಂದೆ ಬಿತ್ತು. ಹೆಂಡತಿ ಮೋಟಾರಿನ ಸ್ವಿಚ್ಚು ಆರಿಸಿದಳು. ಅವಳು ಸ್ವಿಚ್ಚು ಆರಿಸುವುದನ್ನು ನೀವು ನೋಡಬೇಕು, ಬೈಗುಳ ಎಷ್ಟೋ ವಾಸಿ.

ಮಡ್‌ಗಾರ್ಡಿನ ಕಪ್ಪಿಗೆ ಟೈಲರನ ಮಗಳು ಉಗುರಿಗೆ ಹಚ್ಚುವ ಕಪ್ಪು ಬಣ್ಣದ ಸೀಸೆ ಬಂತು. ಬಂಗಾರದ ಗೆರೆಯನ್ನು, ವಸಡಿನ ಮೇಲೆ ಕೆಂಪು ನರ ಬರೆಯುವ ನನ್ನ ಒಂದೆಳೆಯ ಕುಂಚದಿಂದ, ಉಸಿರು ಬಿಗಿಹಿಡಿದು ಎಳೆದೆ. ಇಡೀ ಬೀದಿಯೇ ನನ್ನ ಜೊತೆ ಉಸಿರು ಹಿಡಿದಿತ್ತು ಎಂದರೆ ಅತಿಶಯೋಕ್ತಿಯಲ್ಲ. ಟೈಲರಂತೂ ಹಿಡಿದಿದ್ದ, ಆಮೇಲೆ ಕೆಮ್ಮಿದ.

ಮರುದಿನ ಬೆಳಿಗ್ಗೆ ಎಲ್ಲವನ್ನೂ ಜೋಡಿಸಿದೆವು. ಎಡ ಪೆಡಲನ್ನು ಉಲ್ಟಾ ತಿರುಗಿಸಿ ಹಾಕುವಾಗ ಅತ್ತೆ ನನ್ನ ಪಕ್ಕದಲ್ಲೇ ನಿಂತು ಮೇಲ್ವಿಚಾರಣೆ ಮಾಡಿದರು. ಮುಂದಿನ ಕೋಣೆಯ ನಡುವೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಮೇಲೆ ಕಿಟಕಿಯ ಬೆಳಕು ಬಿದ್ದಾಗ ಎಡಗಡೆ ಹೇಗೆ ಉರಿಯಿತೆಂದರೆ ಕೋಣೆಯ ಬಲ್ಬು ನಾಚಿಕೊಂಡಿತು. ನಾವು ಮೂವರೂ ಎಡಗಡೆಯೇ ನಿಂತು, ಎಡಗಡೆಯನ್ನೇ ನೋಡಿ, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು. ಒಬ್ಬರಾದರೂ ಸೈಕಲ್ಲನ್ನು ಸುತ್ತಿ ಆಚೆ ಕಡೆಗೆ ಹೋಗಿ ನೋಡಬಾರದಿತ್ತೇ?

ಬೆಡ್‌ಶೀಟು ಹೊದಿಸುವಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿಯಿತು. ದೊಡ್ಡ ಮಗಳು ಅಪ್ಪನನ್ನು ಇಳಿಸಿ, "ಸಂಜೆ ಬರ್ತೀನಿ, ಕಣ್ಣು ಉಜ್ಜೋಕೆ ಬಿಡಬೇಡಿ" ಎಂದು ಕೂಗಿ ಹೊರಟಳು. ಮಾವ ಕಪ್ಪು ಕನ್ನಡಕ ಹಾಕಿಕೊಂಡು ನೆಟ್ಟಗೆ ಒಳಗೆ ಬಂದರು. ಬರುತ್ತಲೇ ಬಾಗಿಲಿನ ಬಣ್ಣ ಎದ್ದಿರುವುದನ್ನು, ಕ್ಯಾಲೆಂಡರು ಹಿಂದಿನ ತಿಂಗಳಲ್ಲೇ ನಿಂತಿರುವುದನ್ನು, ನನ್ನ ಹೊಟ್ಟೆ ಮುಂದೆ ಬಂದಿರುವುದನ್ನು ಒಂದೇ ಉಸಿರಿಗೆ ಹೇಳಿದರು.

"ಬೆಡ್‌ಶೀಟು ತೆಗೀರಿ."

ತೆಗೆದೆ. ಯಾವುದೋ ದೊಡ್ಡ ಪ್ರತಿಮೆ ಅನಾವರಣ ಮಾಡಿದಂತೆ ತೆಗೆದೆ. ಮಾವ ಕನ್ನಡಕ ಬಿಚ್ಚಿ ಜೇಬಿಗಿಟ್ಟು, ಮಸುಕು ಕಣ್ಣನ್ನು ಅಂಗೈಯಿಂದ ಮುಚ್ಚಿ, ಹೊಸ ಕಣ್ಣಿನಿಂದ ನೋಡಿದರು. ಬಾಯಿ ತೆರೆಯಿತು.

"ಅಬ್ಬಾ" ಎಂದರು ಮೆಲ್ಲಗೆ. "ಕೊಂಡ ದಿನವೂ ಹೀಗಿರಲಿಲ್ಲವಲ್ಲೋ."

ಅತ್ತೆ ನನ್ನ ತೋಳು ಚಿವುಟಿದರು. ಗೆದ್ದೆವು! ನಾನು ಎದೆಯುಬ್ಬಿಸಿ ಏನೋ ಹೇಳಲು ಹೊರಟೆ. ಆದರೆ ಅವರು ಗಡಿಯಾರದವರು. ಗಡಿಯಾರದವರು ಯಾವುದನ್ನೂ ಒಂದೇ ಕಡೆಯಿಂದ ನೋಡಿ ಬಿಡುವುದಿಲ್ಲ. ಅವರು ಸೈಕಲ್ಲನ್ನು ಸುತ್ತಿ ಬಲಗಡೆಗೆ ಹೋದರು. ಮತ್ತೆ ಎಡಗಡೆಗೆ ಬಂದರು. ಮತ್ತೆ ಬಲಗಡೆಗೆ ಹೋದರು.

"ಬಲಗಡೆ ನಂದು" ಅಂದರು. "ಈ ಎಡಗಡೆ ಯಾರದು?"

ಆಗಲೇ ನಮಗೂ ಕಂಡದ್ದು. ಬಲಗಡೆ ಬೂದು ಬಡಿದ ಪೆಡಲು, ಮಂಕು ಲಿವರು, ಮಾಸಿದ ನಟ್ಟು. ಅರ್ಧ ಮದುಮಗ, ಅರ್ಧ ಗೊಬ್ಬರದ ಚೀಲ. ಗೀರು ಮುಚ್ಚುವ ಭರದಲ್ಲಿ ಗೀರಿದ್ದ ಜಾಗಕ್ಕೆಲ್ಲ ಬೊಟ್ಟು ಮಾಡಿ ತೋರಿಸಿಟ್ಟಿದ್ದೆವು.

ಮಾವ ಎಡ ಪೆಡಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತರು. ಮೂಗು ಹತ್ತಿರ ತಂದು ವಾಸನೆ ನೋಡಿದರು. ಆಮೇಲೆ ಬಾಯಿಗೆ ಕೈ ಹಾಕಿ, ತಮ್ಮ ಮೇಲಿನ ಹಲ್ಲಿನ ಸೆಟ್ಟನ್ನು ಹೊರಗೆ ತೆಗೆದರು. ಅಂಗುಳಿಗೆ ಲೋಹದ ತಗಡು ಹಾಕಿ ನಾನೇ ಮಾಡಿಕೊಟ್ಟ ಸೆಟ್ಟು. ಅದನ್ನು ಪೆಡಲಿನ ಪಕ್ಕ ಹಿಡಿದು, ತಗಡನ್ನೂ ಪೆಡಲನ್ನೂ ಹೊಸ ಕಣ್ಣಿನಿಂದ ಬದಲಿಸಿ ಬದಲಿಸಿ ನೋಡಿದರು.

"ಒಂದೇ ಹೊಳಪು" ಎಂದರು ಹಲ್ಲಿಲ್ಲದ ಬಾಯಲ್ಲಿ. "ಒಂದೇ ವಾಸನೆ. ಅಳಿಯಂದಿರ ಕೈ."

"ಎಂಥ ಕಣ್ಣು ಮಾವ ನಿಮ್ಮದು!" ಎಂದೆ. ಆ ಹೊತ್ತಿನಲ್ಲೂ ನನಗೆ ಒಳಗೊಳಗೇ ಹೆಮ್ಮೆ; ನನ್ನ ಹೊಳಪಿಗೆ ಅಷ್ಟು ದೊಡ್ಡ ಗುರುತು ಇದೆಯಲ್ಲ. "ಹೌದು, ನಾನೇ ಓಡಿಸಿದ್ದು. ಬೀಳಿಸಿದ್ದೂ ನಾನೇ. ಈ ಊರಿನಲ್ಲಿ ಯಾರೂ ಬೀಳದ ಹಾಗೆ ಬಿದ್ದೆ."

ಮಾವ ಹಲ್ಲು ಹಾಕಿಕೊಂಡು ಎದ್ದರು. ಸೀಟಿನ ಮೇಲೆ ಕೈಯಿಟ್ಟರು. ಸೀಟು ಅವರ ಸೊಂಟಕ್ಕಿಂತ ಎಷ್ಟೋ ಕೆಳಗಿತ್ತು. ಅಷ್ಟೆಲ್ಲ ಪಾಲಿಶ್ ಮಾಡಿದ ಮಹಾನುಭಾವರು ಸೀಟನ್ನು ಮೇಲೆತ್ತಲು ಮರೆತಿದ್ದರು!

"ಇಷ್ಟು ತಗ್ಗಿನಲ್ಲಿ ನೀನು ಕೂತರೆ ಮೊಣಕಾಲು ಗಲ್ಲಕ್ಕೆ ಬಡಿಯುತ್ತಪ್ಪ" ಎಂದರು. ಆಮೇಲೆ ಯಾರನ್ನೂ ನೋಡದೆ ಕೇಳಿದರು, "ಈ ಮನೇಲಿ ಇಷ್ಟೆತ್ತರ ಇರೋರು ಯಾರು?"

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಬಂದರು.

"ನಾನು ರೀ."

"ನೀನು?"

"ಮಧ್ಯಾಹ್ನ ನೀವು ಮಲಗಿದಾಗ. ಹಿಂದಿನ ಓಣೀಲಿ. ಬೀಗ ಹಾಕೋದಾದ್ರೆ ಹಾಕಿ. ಅಳಿಯಂದ್ರನ್ನ ಏನೂ ಅನ್ಬೇಡಿ, ಅವರು ಬರೀ ಚಹಾ ಕುಡೀತಿದ್ರು."

ಮಾವ ಅವರನ್ನೇ ನೋಡುತ್ತಾ ನಿಂತರು. ಬೈಗುಳ ಬಂತು, ಬಂತು ಎಂದು ನಾವು ತಲೆ ತಗ್ಗಿಸಿದೆವು. ಬರಲಿಲ್ಲ. ಅವರ ನೋಟ ಅತ್ತೆಯ ಎಡ ಮೊಣಕೈಯ ಮೇಲೆ ನಿಂತಿತ್ತು. ಹೋಗಿ, ಆ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ಹಳೆಯ ಗೀರು, ಹೊಸ ಗೀರು, ಒಣಗಿದ್ದು, ಒಣಗುತ್ತಿದ್ದದ್ದು.

"ಇದು ಯಾವಾಗಿಂದ?"

"ನಿಮಗೆ ಕಾಣದೇ ಹೋದಾಗಿಂದ."

"ಒಂದಿನಾನೂ ಹೇಳಲಿಲ್ಲ."

"ಹೇಳಿದ್ರೆ ಮೊದಲು ಸೈಕಲ್ಲನ್ನ ತಡವಿ ನೋಡ್ತಿದ್ರಿ."

ಮಾವ ಆ ಮೊಣಕೈಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ, ನನ್ನ ಕಡೆ ತಿರುಗಿದರು.

"ಪೆಡಲಿಗೆಲ್ಲ ಪಾಲಿಶ್ ಮಾಡಿದೆ. ಇದಕ್ಕೆ ಒಂಚೂರು ಮುಲಾಮು ಹಚ್ಚೋಕೆ ನಿನಗೆ ಹೊಳೀಲಿಲ್ವೇನೋ?" ಆಮೇಲೆ ಹೆಂಡತಿಗೆ, "ಎಲ್ಲ ಎಡಕ್ಕೇ ಬಿದ್ದಿದ್ದೀಯ. ಅಂದ್ರೆ ತಿರುಗಿಸೋಕೆ ಬರಲ್ಲ ನಿನಗೆ."

"ಬರಲ್ಲ."

"ಹೇಗೆ ಬರುತ್ತೆ? ಚಹಾ ಕುಡಿಯೋನು ಮೇಷ್ಟರಾದ್ರೆ? ತಿರುಗಬೇಕಾದ್ರೆ ಹ್ಯಾಂಡಲ್ ನೋಡಬಾರದು. ಹೋಗಬೇಕಾದ ಕಡೆ ನೋಡಬೇಕು. ಕಣ್ಣು ಹೋದ ಕಡೆ ಸೈಕಲ್ಲು ಹೋಗುತ್ತೆ. ಬಾ."

"ಎಲ್ಲಿಗೆ?"

"ಬೀದಿಗೆ. ಇನ್ನು ಓಣಿ ಗೀಣಿ ಬೇಡ."

ಸೈಕಲ್ಲನ್ನು ಅವರೇ ಹೊರಗಿಳಿಸಿದರು. ಅತ್ತೆ ಪ್ಯಾಂಟು ಹಾಕಿಕೊಂಡು ಬಂದು, ಮುಂಬಾಗಿಲ ಮೆಟ್ಟಿಲ ಮೇಲೆ ನಿಂತು ಹತ್ತಿದರು. ಟೈಲರು ಹೊಲಿಗೆ ಯಂತ್ರ ಬಿಟ್ಟು ಬಾಗಿಲಿಗೆ ಬಂದ. ಬಿಸಿಲಲ್ಲಿ ನನ್ನ ಎಡ ಪೆಡಲು ಮೇಲೆ ಕೆಳಗೆ ಆಗುತ್ತಿದ್ದರೆ ಮನೆಗಳ ಗೋಡೆಯ ಮೇಲೆ ಬೆಳಕಿನ ಚೆಂಡೊಂದು ಪುಟಿಯುತ್ತಾ ಹೋಯಿತು. ಅತ್ತೆ ಹೋದರು, ಹೋದರು, ಬೀದಿಯ ತುದಿ ಬಂತು.

"ಇಳೀಬೇಡ!" ಎಂದು ಮಾವ ಕೂಗಿದರು. "ನೋಡು! ನನ್ನ ನೋಡು! ಈ ಕಡೆ!" ಮಸುಕು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯನ್ನು ಮೇಲೆತ್ತಿ ಬೀದಿಯ ನಡುವೆ ಕುಣಿಯುತ್ತಿದ್ದರು.

ಅತ್ತೆ ಬಲಕ್ಕೆ ಕತ್ತು ತಿರುಗಿಸಿ ಗಂಡನನ್ನು ನೋಡಿದರು. ಸೈಕಲ್ಲು ಬಲಕ್ಕೆ ಬಾಗಿತು. ಬಾಗಿ, ಓಲಾಡಿ, ಚರಂಡಿಯ ಅಂಚನ್ನು ಸವರಿ, ತಿರುಗಿತು! ಪೂರ್ತಿ ತಿರುಗಿತು! ನಮ್ಮ ಕಡೆ ಮುಖ ಮಾಡಿ ಬರತೊಡಗಿತು! ನಾನು ಕೂಗಿದ ಕೂಗಿಗೆ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಹೊರಟುಬಿಟ್ಟವು. ನನ್ನ ಹೆಂಡತಿ ಟೈಲರನನ್ನೇ ಅಪ್ಪಿಕೊಳ್ಳಲು ಹೋಗಿ ಕಡೇ ಗಳಿಗೆಯಲ್ಲಿ ನನ್ನನ್ನು ಅಪ್ಪಿಕೊಂಡಳು. ಅತ್ತೆಗೆ ಸಂತೋಷ ತಡೆಯಲಾಗಲಿಲ್ಲ. ಹ್ಯಾಂಡಲ್ಲಿನಿಂದ ಬಲಗೈ ಎತ್ತಿ ಜೋರಾಗಿ ಬೀಸಿದರು.

ಆಮೇಲೆ, ಈ ಸಲ ಬಲಕ್ಕೆ, ಧೊಪ್ಪನೆ ಬಿದ್ದರು.

ಎಲ್ಲರೂ ಓಡಿದೆವು. ಎಲ್ಲರಿಗಿಂತ ಮೊದಲು ಮುಟ್ಟಿದವರು ಮಾವ.

"ಪೆಟ್ಟಾಯ್ತಾ?"

ಅತ್ತೆ ನೆಲದ ಮೇಲೆ ಕೂತಲ್ಲಿಂದಲೇ ತಲೆ ಎತ್ತಿದರು. "ಯಾರಿಗೆ? ನನಗಾ, ಸೈಕಲ್ಲಿಗಾ?"

"ನಿನಗೆ ಕಣೇ! ಸೈಕಲ್ಲಿನ ಮನೆ ಹಾಳಾಗ!"

"ನನಗೇನೂ ಆಗಿಲ್ಲ. ಕಂಡಿರಾ? ತಿರುಗಿಸಿದೆ, ಕಂಡಿರಾ?"

"ಕಂಡೆ. ಪೂರ್ತಿ ಕಂಡೆ" ಎಂದು ಕೈಕೊಟ್ಟು ಎಬ್ಬಿಸಿದರು. ಬಲ ಮೊಣಕೈಯ ಧೂಳನ್ನು ಊದಿ ನೋಡಿದರು. ಆಮೇಲೆಯೇ ಬಗ್ಗಿದ್ದು ಸೈಕಲ್ಲಿನ ಕಡೆಗೆ. ಬಲಗಡೆಯ ಪೆಡಲಿನ ಮಂಕು ಮುಚ್ಚಳದ ಮೇಲೆ ಹೊಚ್ಚ ಹೊಸ ಗೀರೊಂದು ಬಿಸಿಲಿಗೆ ಮಿಂಚುತ್ತಿತ್ತು. ಮಾವ ಒಂದು ಕಣ್ಣು ಮುಚ್ಚಿ, ಗಡಿಯಾರದ ಹೊಟ್ಟೆಯೊಳಗೆ ಇಣುಕುವಂತೆ ಅದನ್ನು ನೋಡಿದರು. ಮುಖವೆಲ್ಲ ಅರಳಿತು. ನನ್ನ ಕೈಯ ಅಷ್ಟೂ ಹಲ್ಲು ಕಾಣಿಸುವಂತೆ ನಕ್ಕರು. ಆಗ ಎದುರಿಗೆ ಬಸ್ಸೊಂದು ಬಂದಿದ್ದರೆ ನನ್ನ ಮಾತು ಸಾಬೀತಾಗುತ್ತಿತ್ತು.

"ಲೇ, ಇಲ್ಲಿ ಬಾರೇ, ನೋಡು!" ಎಂದು ಹೆಂಡತಿಯನ್ನು ಕೂಗಿದರು. "ಕೂದಲೆಳೆಯಷ್ಟಿದೆ ಗೀರು. ಎಷ್ಟು ಚೆನ್ನಾಗಿ ಕಾಣ್ತಿದೆ!"